ಶಂಖಪುಷ್ಪ: ಬೀಜ ಹಾಕುವುದು ಪತ್ತನಾಜೆಗಲ್ಲ, ಸೋಣಕ್ಕೆ

ಕಾಸರಗೋಡಿನ ಮಂಜೇಶ್ವರ, ಬದಿಯಡ್ಕದ ಕಡೆ ಶಂಖಪುಷ್ಪ ಬೇಲಿಗೆ ಹಬ್ಬಿಕೊಂಡು ತಾನಾಗಿಯೇ ಬೆಳೆಯುತ್ತದೆ. ಹೂ ಒಣಗಿಸಿಡಲೆಂದು ಬೆಳೆಸುವವರು ಎಡವುವುದು ಕಾಲದಲ್ಲಿ. ತರಕಾರಿ ಬೀಜದ ಜೊತೆ ಪತ್ತನಾಜೆಗೇ, ಅಂದರೆ ಮೇ ಕೊನೆಯ ವಾರಕ್ಕೇ ಹಾಕಿದರೆ ಮೊದಲ ಹೂ ಬರುವುದು ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ. ಕೊಯ್ದ ಹೂ ಒಣಗದೆ ಬೂಸಲು ಹಿಡಿಯುತ್ತದೆ. ಬುಡದಲ್ಲಿ ನೀರು ನಿಂತರೆ ಬೇರೂ ಕೊಳೆಯುತ್ತದೆ. ತುಳು ತಿಂಗಳು ಸೋಣದಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನೊಳಗೆ ಬಿತ್ತಿದರೆ ನವೆಂಬರಿನ ಬಿಸಿಲಿಗೆ ಹೂ ಸಿಗುತ್ತದೆ.

ಬೀಜದ ಸಿಪ್ಪೆ ಗಟ್ಟಿ. ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆಗೂ ಉಬ್ಬದವನ್ನು ಸ್ಯಾಂಡ್ ಪೇಪರಿಗೆ ಒಂದೆರಡು ಸಲ ಉಜ್ಜಿ ಮತ್ತೆ ನೆನೆಹಾಕಿ. ಕಣ್ಣಿನ ಭಾಗ ಮುಟ್ಟಬೇಡಿ.

ಮುರಕಲ್ಲಿನ ನೆಲದಲ್ಲಿ ಗುಂಡಿ ತೋಡುವುದಕ್ಕಿಂತ ಅರ್ಧ ಅಡಿ ದಿಬ್ಬ ಮಾಡುವುದೇ ಲೇಸು. ದಿಬ್ಬಕ್ಕೆ ಎರಡೆರಡು ಬೊಗಸೆ ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ. ಅರ್ಧ ಇಂಚು ಆಳಕ್ಕೆ ಮೂರು ಬೀಜ ಹಾಕಿ, ಮೊಳೆತ ಮೇಲೆ ಒಂದನ್ನು ಉಳಿಸಿಕೊಳ್ಳಿ. ದಿಬ್ಬದಿಂದ ದಿಬ್ಬಕ್ಕೆ ಎರಡು ಅಡಿ. ಯೂರಿಯಾ ಬೇಡವೇ ಬೇಡ: ಅಲಸಂಡೆಯ ಹಾಗೆ ಇದರ ಬೇರಿನ ಗಂಟುಗಳೂ ಸಾರಜನಕ ಹಿಡಿಯುತ್ತವೆ, ಹೆಚ್ಚಾದರೆ ಬರೀ ಸೊಪ್ಪು. ಅಡಕೆ ತೋಟದ ನೆರಳಲ್ಲೂ ಅದೇ ಕತೆ. ಆರು ಎಲೆ ಬಂದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಕುಡಿಗೆ ಹೇನು ಹತ್ತಿದರೆ ನೀರು ರಭಸವಾಗಿ ಎರಚಿ ತೊಳೆದರೆ ಸಾಕು. ತಿನ್ನುವ ಹೂವಿಗೆ ಕೀಟನಾಶಕ ಸಲ್ಲದು.

ಹೂ ಅರಳಿರುವುದು ಒಂದೇ ದಿನ. ಇಬ್ಬನಿ ಆರಿದೊಡನೆ ಕೊಯ್ದು, ಹಸಿರು ತೊಟ್ಟು ಬಿಡಿಸಿ, ನೆರಳಲ್ಲಿ ಒಂದೇ ಪದರವಾಗಿ ಹರಡಿ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಮೇಲೆಯೇ ಡಬ್ಬಿಗೆ.

ಕುದಿದು ಇಳಿಸಿದ ಒಂದು ಲೋಟ ನೀರಿಗೆ ಆರು ಹೂ, ಐದು ನಿಮಿಷ. ಲಿಂಬೆ ಹಿಂಡಿದರೆ ನೀಲಿ ನೇರಳೆಯಾಗುವುದು ಹೂವಿನ ಬಣ್ಣದ ಅಂಶವಾದ ಆಂಥೋಸಯನಿನ್ ಹುಳಿಗೆ ಬಣ್ಣ ಬದಲಿಸುವುದರಿಂದ. ಮದ್ದಿನ ಗುಣ ಹೆಚ್ಚಿತೆಂದಲ್ಲ.

ಆಯುರ್ವೇದದಲ್ಲಿ ಇದು ಅಪರಾಜಿತಾ, ಮೇಧ್ಯ, ಅಂದರೆ ಬುದ್ಧಿಗೆ ಒಳ್ಳೆಯದೆಂದು ಹೇಳುವ ಮದ್ದು. ಬೇರು ಮತ್ತು ಬೀಜ ಭೇದಿ ಮಾಡಿಸುವಂಥವು, ವೈದ್ಯರನ್ನು ಕೇಳದೆ ಅರೆದು ಕುಡಿಯಬೇಡಿ. ಬಸುರಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಹೂವಿನ ನೀರಿಗೂ ಮೊದಲು ವಿಚಾರಿಸಬೇಕು. ಹಾವು ಕಡಿದಾಗ ಇದರ ಬೇರು ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಿ.

ಉತ್ತರ ಭಾರತದ ಶಂಖಪುಷ್ಪಿ ನೆಲದಲ್ಲೇ ಹರಡುವ ಬೇರೊಂದು ಗಿಡ. ಕೇರಳದ ವೈದ್ಯರು ಆ ಹೆಸರಿನಲ್ಲಿ ಬಳಸುವುದು ಈ ಬಳ್ಳಿಯನ್ನು. ಚೂರ್ಣ ಕೊಳ್ಳುವಾಗ ಪೊಟ್ಟಣದ ಮೇಲೆ ಈ ಬಳ್ಳಿಯ ವೈಜ್ಞಾನಿಕ ಹೆಸರು ‘ಕ್ಲಿಟೋರಿಯ ಟರ್ನೇಟಿಯ’ ಎಂದಿದೆಯೇ ನೋಡಿ.