ನಾಯಿಯ ಸಾವಿಗೆ ಆಹಾರ ಕಂಪನಿಯನ್ನು ಹೊಣೆ ಮಾಡಿದ್ದು: ನನ್ನ ಅನುಭವ

ಕಲುಷಿತ ಆಹಾರ ತಿಂದು ಸಾಕುಪ್ರಾಣಿ ಸತ್ತಾಗ ಕಾನೂನಿನ ಮುಂದೆ ಸಾಬೀತುಪಡಿಸಬೇಕಾದ ಸಂಗತಿಗಳು ಎರಡು. ಆ ಚೀಲದ ಆಹಾರದಲ್ಲಿ ವಿಷವಿತ್ತು ಎಂಬುದು ಒಂದು, ಆ ವಿಷದಿಂದಲೇ ಈ ಪ್ರಾಣಿ ಸತ್ತಿತು ಎಂಬುದು ಇನ್ನೊಂದು. ಪ್ರಯೋಗಾಲಯದ ವರದಿ ಮೊದಲನೆಯದನ್ನು ಹೇಳುತ್ತದೆ, ಮರಣೋತ್ತರ ಪರೀಕ್ಷೆ ಎರಡನೆಯದನ್ನು. ಎರಡರಲ್ಲಿ ಒಂದು ಇಲ್ಲದಿದ್ದರೂ ಎಂಥ ವಕೀಲರೂ ಹೆಚ್ಚೇನೂ ಮಾಡಲಾರರು. ನನ್ನ ನಾಯಿ ಗೌರಿ ಸತ್ತ ಮೇಲೆ ನಾನು ನಡೆಸಿದ ಹೋರಾಟದ ಬಹುಪಾಲು ಈ ಎರಡು ಕಾಗದಗಳ ಸುತ್ತಲೇ ನಡೆಯಿತು. ಹಾಗಾಗಿ ಕಾನೂನಿಗಿಂತ ಮೊದಲು ಸಾಕ್ಷ್ಯದ ವಿಷಯ ಹೇಳುತ್ತೇನೆ.

ಗೌರಿ ಊಟ ಬಿಟ್ಟಳು, ವಾಂತಿ ಮಾಡಿಕೊಂಡಳು. ಆಮೇಲೆ ಒಸಡು ಮತ್ತು ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿದವು. ಯಕೃತ್ತು ಕೆಲಸ ನಿಲ್ಲಿಸುತ್ತಿದೆ ಎಂದ ಪಶುವೈದ್ಯರು ಮೊದಲು ಕೇಳಿದ್ದು ಅವಳ ಆಹಾರದ ಚೀಲವನ್ನು. ಅವರ ಅನುಮಾನ ಅಫ್ಲಾಟಾಕ್ಸಿನ್ ಮೇಲಿತ್ತು. ಜೋಳ, ಮೆಕ್ಕೆಜೋಳ, ಕಡಲೆಕಾಯಿಯಂತಹ ಕಾಳುಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟು ಇದನ್ನು ಉತ್ಪಾದಿಸುತ್ತದೆ. ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದು. ಮನುಷ್ಯರು ಹತ್ತು ಬಗೆಯದನ್ನು ತಿನ್ನುತ್ತಾರೆ. ನಾಯಿ ತಿಂಗಳುಗಟ್ಟಲೆ ಒಂದೇ ಚೀಲದಿಂದ ತಿನ್ನುತ್ತದೆ. ಚೀಲ ಕೆಟ್ಟಿದ್ದರೆ ಅದಕ್ಕೆ ಪ್ರತಿ ಊಟವೂ ವಿಷವೇ.

ಅವಳು ಸತ್ತ ದಿನವೇ ಮರಣೋತ್ತರ ಪರೀಕ್ಷೆಗೆ ಒಪ್ಪಬೇಕೆಂದು ವೈದ್ಯರು ಹೇಳಿದಾಗ ಮನಸ್ಸು ಒಪ್ಪಲಿಲ್ಲ. ಆದರೂ ಸಹಿ ಹಾಕಿದೆ. ಈ ಹೊತ್ತಿನಲ್ಲಿರುವವರಿಗೆ ಒಂದು ಮಾತು: ದೇಹವನ್ನು ಹೂಳುವ ಅಥವಾ ಸುಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ, ಮತ್ತು ಅಲ್ಲಿಯವರೆಗೆ ಅದನ್ನು ತಣ್ಣಗಿಡಿ, ಆದರೆ ಹೆಪ್ಪುಗಟ್ಟಿಸಬೇಡಿ. ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಅಂಗಾಂಶ ಹಾಳಾಗುತ್ತದೆ. ನಮ್ಮ ವೈದ್ಯರು ಯಕೃತ್ತು ಮತ್ತು ಮೂತ್ರಪಿಂಡದ ತುಣುಕುಗಳನ್ನು ಎರಡು ಪಾಲು ಮಾಡಿದರು: ಒಂದನ್ನು ಅಂಗಾಂಶ ಪರೀಕ್ಷೆಗಾಗಿ ಫಾರ್ಮಲಿನ್‌ನಲ್ಲಿ ಇಟ್ಟರು, ಇನ್ನೊಂದನ್ನು ವಿಷದ ಪರೀಕ್ಷೆಗಾಗಿ ಹೆಪ್ಪುಗಟ್ಟಿಸಿದರು. ಯಕೃತ್ತಿಗೆ ಹಾನಿ ಮಾಡುವ ಇತರ ಕಾರಣಗಳನ್ನೂ, ಅಂದರೆ ಇಲಿಜ್ವರ, ಕ್ಸೈಲಿಟಾಲ್ ಸಿಹಿ, ವಿಷಸಸ್ಯಗಳನ್ನು, ಒಂದೊಂದಾಗಿ ಪರಿಶೀಲಿಸಿ ದಾಖಲಿಸಿದರು. ಹಳೆಯ ವಾರ್ಷಿಕ ತಪಾಸಣೆಯ ರಕ್ತದ ವರದಿಯಲ್ಲಿ ಯಕೃತ್ತು ಸಹಜವಾಗಿತ್ತು. ಅದನ್ನೂ ಕಡತಕ್ಕೆ ಸೇರಿಸಿದೆವು. ಮುಂದೆ ಕಂಪನಿ ಎತ್ತಿದ ಮೊದಲ ಆಕ್ಷೇಪಕ್ಕೆ ಉತ್ತರವಾದದ್ದು ಇವೇ.

ಚೀಲದ ಕಥೆ ಇನ್ನೂ ಸೂಕ್ಷ್ಮ. ಆಹಾರವನ್ನು ಡಬ್ಬಿಗೆ ಸುರಿದು ಚೀಲ ಬಿಸಾಡಿದರೆ ಬ್ಯಾಚ್ ಸಂಖ್ಯೆಯೂ ಹೋಯಿತು. ನಮ್ಮ ಚೀಲದಲ್ಲಿ ಆಹಾರ ಇನ್ನೂ ಉಳಿದಿತ್ತು. ಬ್ಯಾಚ್ ಸಂಖ್ಯೆ, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕಗಳು ಕಾಣುವಂತೆ ಫೋಟೋ ತೆಗೆದು, ಚೀಲದ ಸಮೇತ ಇನ್ನೊಂದು ಚೀಲದಲ್ಲಿ ಬಿಗಿದು, ದಿನಾಂಕ ಬರೆದು, ಸಾಕ್ಷಿಯ ಸಹಿ ಪಡೆದು ತಂಪಾದ ಒಣ ಜಾಗದಲ್ಲಿಟ್ಟೆ. ಖರೀದಿಯ ರಸೀದಿಯನ್ನೂ ಜೊತೆಗಿಟ್ಟೆ. ಅಂದಿನಿಂದ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಸಾಲುಸಾಲಾಗಿ ಬರೆದೆ. ನ್ಯಾಯಾಲಯಕ್ಕೆ ಬೇಕಾದ ಭರವಸೆ ಇದು: ಪರೀಕ್ಷೆಗೆ ಹೋದದ್ದು ಇದೇ ಆಹಾರ, ಮಧ್ಯೆ ಯಾರೂ ಏನನ್ನೂ ಬೆರೆಸಲಿಲ್ಲ.

ಪ್ರಯೋಗಾಲಯದವರು ಇನ್ನೊಂದು ಸಂಗತಿ ಹೇಳಿದರು. ಅಫ್ಲಾಟಾಕ್ಸಿನ್ ಕಾಳಿನ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪುಗಟ್ಟಿರುತ್ತದೆ. ಹಿಡಿಯಷ್ಟು ಆಹಾರ ಕಳಿಸಿದರೆ ವಿಷವಿಲ್ಲದ ಹಿಡಿಯೇ ಸಿಗಬಹುದು. ಹೆಚ್ಚಿನ ಪ್ರಮಾಣವನ್ನು ಪುಡಿ ಮಾಡಿ, ಚೆನ್ನಾಗಿ ಬೆರೆಸಿ ಅದರಿಂದ ಮಾದರಿ ತೆಗೆಯಬೇಕು. ಒಂದು ಪಾಲನ್ನು ಮೊಹರು ಮಾಡಿ ಎದುರು ಪಕ್ಷದ ಪರೀಕ್ಷೆಗೆಂದು ಉಳಿಸಬೇಕು. ಉಳಿಸದಿದ್ದರೆ, ತಮಗೆ ಪರೀಕ್ಷಿಸುವ ಅವಕಾಶವೇ ಸಿಗಲಿಲ್ಲ ಎಂದು ಕಂಪನಿ ವಾದಿಸುತ್ತದೆ. ಫಲಿತಾಂಶ ಬಂದಾಗ ಪ್ರಮಾಣ ಮಿತಿಯನ್ನು ಬಹಳವೇ ಮೀರಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾಕುಪ್ರಾಣಿ ಆಹಾರದಲ್ಲಿ ನೂರು ಕೋಟಿ ಭಾಗಕ್ಕೆ 20 ಭಾಗ ಅಫ್ಲಾಟಾಕ್ಸಿನ್ ಮೀರಿದರೆ ಕ್ರಮಕ್ಕೆ ಮುಂದಾಗುತ್ತದೆ. ಎಷ್ಟು ಅಲ್ಪ ಪ್ರಮಾಣ ಅಪಾಯಕಾರಿ ಎಂಬುದು ಅದರಿಂದಲೇ ತಿಳಿಯುತ್ತದೆ.

ವಕೀಲರು ಕಡತ ನೋಡಿ ಮೂರು ದಾರಿ ತೋರಿಸಿದರು. ತಯಾರಕರು ನಿರ್ಲಕ್ಷ್ಯ ಮಾಡಿದರು ಎನ್ನುವುದು ಒಂದು. ಆದರೆ ಕಾರ್ಖಾನೆಯೊಳಗೆ ಯಾರು ಯಾವ ಪರೀಕ್ಷೆ ಬಿಟ್ಟರು ಎಂದು ಹೊರಗಿನವರು ತೋರಿಸುವುದು ಕಷ್ಟ. ಮಾರಾಟದ ಒಪ್ಪಂದ ಎರಡನೆಯದು: ತಿನ್ನಲು ಯೋಗ್ಯ ಎಂಬ ಭರವಸೆ ಯಾವುದೇ ಆಹಾರದ ಮಾರಾಟದಲ್ಲೂ ಅಡಗಿದೆ, ಹೇಳದಿದ್ದರೂ. ಇದು ಮಾರಾಟಗಾರರ ಮೇಲೆ ಬೀಳುತ್ತದೆ. ಮೂರನೆಯದು ದೋಷಯುಕ್ತ ಉತ್ಪನ್ನದ ಹೊಣೆಗಾರಿಕೆ. ಈ ಕಾನೂನು ಇರುವ ಕಡೆ ತಯಾರಕರ ತಪ್ಪನ್ನು ತೋರಿಸಬೇಕಿಲ್ಲ. ಉತ್ಪನ್ನದಲ್ಲಿ ದೋಷವಿತ್ತು, ಅದರಿಂದ ಹಾನಿಯಾಯಿತು ಎಂದರೆ ಸಾಕು. ನಾವು ಮೂರನೆಯದನ್ನು ಮುಂದಿಟ್ಟು, ಎರಡನೆಯದನ್ನು ಬೆಂಬಲಕ್ಕೆ ಇಟ್ಟುಕೊಂಡೆವು.

ಈ ಮೂರನೆಯ ದಾರಿಯ ಬೆಲೆ ನನಗೆ ಅರ್ಥವಾದದ್ದು 2007ರ ಮೆಲಮೈನ್ ಪ್ರಕರಣವನ್ನು ಓದಿದಾಗ. ಆ ವರ್ಷದ ಮಾರ್ಚ್‌ನಲ್ಲಿ ಕೆನಡಾದ ಮೆನು ಫುಡ್ಸ್ ಕಂಪನಿ ಉತ್ತರ ಅಮೆರಿಕದಲ್ಲಿ ಮಾರಿದ್ದ ಆರು ಕೋಟಿಗೂ ಹೆಚ್ಚು ಡಬ್ಬಿ ಮತ್ತು ಪೊಟ್ಟಣಗಳನ್ನು ಹಿಂದಕ್ಕೆ ಕರೆಯಿತು. ಚೀನಾದಿಂದ ಬಂದ ಗೋಧಿ ಅಂಟಿನಲ್ಲಿ (ಗ್ಲುಟೆನ್) ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಎಂಬ ರಾಸಾಯನಿಕ ಬೆರೆತಿತ್ತು. ಮೆಲಮೈನ್‌ನಲ್ಲಿ ನೈಟ್ರೋಜನ್ ಹೆಚ್ಚು. ಹಾಗಾಗಿ ನೈಟ್ರೋಜನ್ ಅಳೆದು ಪ್ರೋಟೀನ್ ಲೆಕ್ಕ ಹಾಕುವ ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚಿದಂತೆ ಕಾಣುತ್ತದೆ. ಮೆಲಮೈನ್ ಮತ್ತು ಅದರ ಜೊತೆಗೇ ಬೆರೆತಿದ್ದ ಸಯನೂರಿಕ್ ಆಮ್ಲ ಕೂಡಿ ಬೆಕ್ಕು ನಾಯಿಗಳ ಮೂತ್ರಪಿಂಡದಲ್ಲಿ ಹರಳುಗಟ್ಟಿದವು. ಸಾಮಾನ್ಯ ಮಾಲೀಕರು ಆ ಗೋಧಿ ಅಂಟಿನ ಜಾಡು ಹಿಡಿದು ಇನ್ನೊಂದು ದೇಶದವರೆಗೆ ಹೋಗಲು ಸಾಧ್ಯವೇ? ತಯಾರಕರನ್ನೇ ನೇರವಾಗಿ ಹೊಣೆ ಮಾಡುವ ಕಾನೂನು ಆ ಭಾರವನ್ನು ಇಳಿಸುತ್ತದೆ. ಒಟ್ಟಾಗಿ ಹೂಡಿದ ದಾವೆಗಳು 2008ರಲ್ಲಿ 2.4 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿದವು. ಒಂದೇ ಬ್ಯಾಚಿನಿಂದ ಹಲವರಿಗೆ ಹಾನಿಯಾಗಿದ್ದರೆ ಸಾಮೂಹಿಕ ದಾವೆಯೇ ಒಳ್ಳೆಯದು, ಏಕೆಂದರೆ ತಜ್ಞರ ಖರ್ಚು ಹಂಚಿಹೋಗುತ್ತದೆ.

ಪರಿಹಾರದ ಲೆಕ್ಕಕ್ಕೆ ಬಂದಾಗ ನನಗೆ ಸಿಟ್ಟು ಬಂತು, ಇಂದಿಗೂ ಇದೆ. ಹೆಚ್ಚಿನ ದೇಶಗಳ ಕಾನೂನು ಸಾಕುಪ್ರಾಣಿಯನ್ನು ಸೊತ್ತೆಂದೇ ಎಣಿಸುತ್ತದೆ. ಸೊತ್ತು ಹಾಳಾದರೆ ಮಾರುಕಟ್ಟೆ ಬೆಲೆ ಕೊಡು ಎನ್ನುತ್ತದೆ. ಬೀದಿಯಿಂದ ತಂದು ಸಾಕಿದ ಗೌರಿಗೆ ಮಾರುಕಟ್ಟೆಯಲ್ಲಿ ಬೆಲೆ ಎಲ್ಲಿಂದ ಬರಬೇಕು? ಜರ್ಮನಿ 1990ರಲ್ಲಿ ಪ್ರಾಣಿಗಳು ವಸ್ತುಗಳಲ್ಲ ಎಂದು ತನ್ನ ನಾಗರಿಕ ಸಂಹಿತೆಗೆ ಸೇರಿಸಿತು. ಗಾಯಗೊಂಡ ಪ್ರಾಣಿಯ ಚಿಕಿತ್ಸೆಯ ವೆಚ್ಚ ಅದರ ಬೆಲೆಗಿಂತ ಬಹಳ ಹೆಚ್ಚಾಯಿತು ಎಂಬ ಕಾರಣಕ್ಕಷ್ಟೇ ಅದನ್ನು ವಿಪರೀತ ಎನ್ನಲಾಗದು ಎಂದೂ ಅಲ್ಲಿಯ ಕಾನೂನು ಹೇಳುತ್ತದೆ. ಆದರೆ 2013ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸುಪ್ರೀಂ ಕೋರ್ಟ್, ನಾಯಿಯ ಮೇಲಿನ ಪ್ರೀತಿಯ ಮೌಲ್ಯಕ್ಕೆ ಪರಿಹಾರ ಕೇಳುವಂತಿಲ್ಲ ಎಂದಿತು. ಪ್ರೀತಿಗೆ ಬೆಲೆ ಕಟ್ಟಲಾಗದು ಎಂಬುದು ನಿಜ. ಹಾಗೆಂದು ಸೊನ್ನೆ ಎನ್ನುವುದು ನ್ಯಾಯವಲ್ಲ.

ಆದ್ದರಿಂದ ನಮ್ಮ ಬೇಡಿಕೆ ರಸೀದಿಗಳ ಮೇಲೆ ನಿಂತಿತು: ಚಿಕಿತ್ಸೆ, ಔಷಧ, ಮರಣೋತ್ತರ ಪರೀಕ್ಷೆ, ಪ್ರಯೋಗಾಲಯದ ಶುಲ್ಕ, ಆಹಾರದ ಬೆಲೆ. ಮಾನಸಿಕ ನೋವಿನ ಬೇಡಿಕೆಯನ್ನು ಪ್ರತ್ಯೇಕವಾಗಿ ಬರೆದೆವು. ಅದು ತಿರಸ್ಕೃತವಾದರೂ ಉಳಿದದ್ದು ಅಲುಗಾಡಬಾರದು ಎಂಬ ಎಣಿಕೆಯಿಂದ.

ನೋಟಿಸ್‌ಗೆ ಕಂಪನಿಯ ಮೊದಲ ಉತ್ತರ ಮೃದುವಾಗಿತ್ತು. ಚೀಲದ ಹಣ ಹಿಂದಿರುಗಿಸುತ್ತೇವೆ, ಉಳಿದ ಆಹಾರವನ್ನು ನಮಗೆ ಕಳಿಸಿ, ಈ ಕಾಗದಕ್ಕೆ ಸಹಿ ಮಾಡಿ ಎಂದರು. ಆ ಕಾಗದದಲ್ಲಿ ಮುಂದಿನ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ ಎಂದಿತ್ತು. ಸಹಿ ಮಾಡಲಿಲ್ಲ, ಆಹಾರವನ್ನೂ ಕೊಡಲಿಲ್ಲ; ಮೊಹರು ಮಾಡಿದ ಒಂದು ಪಾಲನ್ನು ಮಾತ್ರ ಪ್ರಯೋಗಾಲಯದ ಮೂಲಕ ಕಳಿಸಿದೆವು. ಆಮೇಲೆ ಧ್ವನಿ ಬದಲಾಯಿತು. ಹೆಚ್ಚಿನ ಶಾಖದಲ್ಲಿ ಬೇಯಿಸುವುದರಿಂದ ವಿಷ ಉಳಿಯದು ಎಂದರು. ಅಫ್ಲಾಟಾಕ್ಸಿನ್ ಅಂತಹ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ ಎಂದು ತಜ್ಞರು ಪ್ರಮಾಣಪತ್ರ ಕೊಟ್ಟರು. ಚೀಲ ತೆರೆದ ಮೇಲೆ ನಿಮ್ಮ ಮನೆಯ ತೇವದಲ್ಲಿ ಬೂಷ್ಟು ಬಂದಿರಬೇಕು ಎಂದರು. ಇದೇ ಅವರ ಬಲವಾದ ವಾದ. ಈ ವಾದ ಬಂದೇ ಬರುತ್ತದೆ ಎಂದು ವಕೀಲರು ಮೊದಲೇ ಊಹಿಸಿ, ಅಂಗಡಿಯಲ್ಲಿ ಅದೇ ಬ್ಯಾಚಿನ ತೆರೆಯದ ಚೀಲವನ್ನು ರಸೀದಿ ಸಹಿತ ಕೊಳ್ಳಿಸಿದ್ದರು. ಅದನ್ನು ಪ್ರಯೋಗಾಲಯದವರೇ ತೆರೆದರು. ಅದರಲ್ಲೂ ವಿಷವಿತ್ತು. ಅಲ್ಲಿಂದ ಮುಂದೆ ಮಾತು ಮೊತ್ತದ ಬಗ್ಗೆ ಮಾತ್ರ ನಡೆಯಿತು.

ಇದರ ಜೊತೆಗೆ ಆಹಾರ ಸುರಕ್ಷತೆಯ ಅಧಿಕಾರಿಗಳಿಗೂ ದೂರು ಕೊಟ್ಟಿದ್ದೆ. ಆ ದೂರಿನಿಂದ ನಮಗೆ ಹಣ ಬರುವುದಿಲ್ಲ, ಆದರೆ ಬ್ಯಾಚನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸುವ ಅಧಿಕಾರ ಅವರದು. ಮೊದಲ ವರದಿ ಬಂದ ದಿನವೇ ಕೊಡಬೇಕಾದ ದೂರು ಅದು. ಇನ್ನೂ ಎಷ್ಟೋ ಮನೆಗಳಲ್ಲಿ ಅದೇ ಚೀಲ ತೆರೆದಿರುತ್ತದೆ. ದಾವೆಗೂ ಕಾಲಮಿತಿ ಇದೆ, ಅದು ಊರಿಂದೂರಿಗೆ, ಕಾರಣದಿಂದ ಕಾರಣಕ್ಕೆ ಬೇರೆ. ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಅದು ತಾನಾಗಿ ನಿಲ್ಲುತ್ತದೆಂದು ನಂಬುವಂತಿಲ್ಲ. ಹೀಗಾಗಿ ಮಾತುಕತೆಯ ನಡುವೆಯೇ ದಾವೆ ಹೂಡಿದೆವು.

ಕೊನೆಗೆ ರಾಜಿಯಾಯಿತು. ರಸೀದಿ ಇದ್ದ ಖರ್ಚು ಪೂರ್ತಿ ಬಂತು, ಮಾನಸಿಕ ನೋವಿಗೆಂದು ಏನೂ ಬರಲಿಲ್ಲ. ಒಪ್ಪಂದದ ಕರಡಿನಲ್ಲಿ ಪ್ರಕರಣದ ಬಗ್ಗೆ ಎಲ್ಲೂ ಮಾತಾಡಬಾರದು ಎಂಬ ಷರತ್ತಿತ್ತು. ಅದನ್ನು ತೆಗೆಯದೆ ಸಹಿ ಇಲ್ಲ ಎಂದೆ. ಮೊತ್ತ ಕಡಿಮೆ ಮಾಡುತ್ತೇವೆ ಎಂದಾಗಲೂ ಒಪ್ಪಲಿಲ್ಲ. ಬಹಳ ಎಳೆದಾಟದ ನಂತರ, ರಾಜಿಯ ಮೊತ್ತವನ್ನು ಹೇಳಬಾರದು, ಪ್ರಯೋಗಾಲಯ ಮತ್ತು ಮರಣೋತ್ತರ ವರದಿಗಳನ್ನು ಯಾರಿಗೆ ಬೇಕಾದರೂ ಕೊಡಬಹುದು ಎಂಬಲ್ಲಿಗೆ ನಿಂತಿತು. ಆ ವರದಿಗಳ ಪ್ರತಿಗಳನ್ನು ನಮ್ಮ ಪಶುವೈದ್ಯರ ಬಳಿ ಇಟ್ಟಿದ್ದೇನೆ. ಅದೇ ಬ್ಯಾಚಿನ ಆಹಾರ ತಿಂದು ನಾಯಿಯನ್ನು ಕಳೆದುಕೊಂಡ ಇನ್ನೊಂದು ಕುಟುಂಬ ಅವನ್ನು ಪಡೆದು ತಮ್ಮ ದೂರಿಗೆ ಲಗತ್ತಿಸಿದೆ.