ಮೇಲ್ದವಡೆ ನೋವು: ಹಲ್ಲಿನದಾ, ಸೈನಸ್ಸಿನದಾ, ಬೇರೇನಾದರೂ ಇದೆಯಾ? ಗುರುತಿಸುವುದು ಹೇಗೆ

ಮೇಲಿನ ಹಲ್ಲು ನೋಯಲು ಶುರುವಾದರೆ ಬಹಳ ಮನೆಗಳಲ್ಲಿ ಮೊದಲು ಲವಂಗ ಹುಡುಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ತರುತ್ತಾರೆ, ಅದರ ಜೊತೆ ಯಾವುದೋ ಒಂದು ಆ್ಯಂಟಿಬಯೋಟಿಕ್ ಕೂಡ. ಎರಡು ದಿನದಲ್ಲಿ ನೋವು ಇಳಿಯುತ್ತದೆ, ಆದರೆ ಒಳಗಿನ ಸೋಂಕು ಹಾಗೇ ಇರುತ್ತದೆ. ಯಾವ ಹಲ್ಲಿಗೂ ಈ ಅಭ್ಯಾಸ ಒಳ್ಳೆಯದಲ್ಲ. ಮೇಲ್ದವಡೆಯ ವಿಷಯದಲ್ಲಂತೂ ಅಪಾಯ ಜಾಸ್ತಿ, ಯಾಕೆಂದರೆ ಅದಕ್ಕೆ ಅಂಟಿಕೊಂಡೇ ಮೂಗು, ಕಣ್ಣಿನ ಗೂಡು ಇವೆ. ಇನ್ನೂ ಹಿಂದಕ್ಕೆ ಹೋದರೆ ಮಿದುಳು.

ಮನೆಯಲ್ಲೇ ಚಿಕಿತ್ಸೆ ಮಾಡಿಕೊಳ್ಳುವುದನ್ನು ಇಲ್ಲಿ ಹೇಳುತ್ತಿಲ್ಲ. ಯಾವ ಡಾಕ್ಟರ ಹತ್ತಿರ ಹೋಗಬೇಕು, ಎಷ್ಟು ಬೇಗ ಹೋಗಬೇಕು, ಹೋದಾಗ ಏನು ಹೇಳಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಒಳಗೆ ಏನಿದೆ ಎಂದು ತಿಳಿದುಕೊಳ್ಳಿ

ಮೂಗಿನ ಎರಡೂ ಬದಿಯಲ್ಲಿ, ಕೆನ್ನೆಯ ಹಿಂದೆ, ಮೇಲ್ದವಡೆಯ ಎಲುಬು ಗಟ್ಟಿಯಾಗಿಲ್ಲ. ಅಲ್ಲಿ ಗಾಳಿ ತುಂಬಿದ ಪೊಳ್ಳು ಜಾಗವಿದೆ. ಅದೇ ಮ್ಯಾಕ್ಸಿಲರಿ ಸೈನಸ್. ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್ 1651ರಲ್ಲಿ ಇದನ್ನು ವಿವರವಾಗಿ ಬರೆದ. ಕೋರೆಹಲ್ಲು ಕಿತ್ತ ಮೇಲೆ ಈ ಪೊಳ್ಳಿಗೆ ತೂತು ಬಿದ್ದಿದ್ದ ಒಬ್ಬ ಮಹಿಳೆಯ ವಿಷಯವೂ ಅವನ ಬರಹದಲ್ಲಿದೆ. ಅಂದರೆ ಹಲ್ಲಿಗೂ ಸೈನಸ್ಸಿಗೂ ಇರುವ ನಂಟು ವೈದ್ಯರಿಗೆ ಆಗಲೇ ಗೊತ್ತಿತ್ತು.

ಮೇಲಿನ ದವಡೆ ಹಲ್ಲುಗಳ ಬೇರುಗಳು ಈ ಪೊಳ್ಳಿನ ತಳಕ್ಕೆ ತೀರಾ ಹತ್ತಿರ ಇರುತ್ತವೆ. ಕೆಲವರಲ್ಲಿ ನಡುವೆ ಎಲುಬೇ ಇರುವುದಿಲ್ಲ, ಒಂದು ತೆಳು ಪೊರೆ ಮಾತ್ರ. ಹಾಗಾಗಿ ಹಲ್ಲಿನ ಕೀವು ಸೈನಸ್ಸಿಗೆ ಹೋಗಬಹುದು, ಸೈನಸ್ಸಿನ ನೋವು ಹಲ್ಲಿನಲ್ಲಿ ಕಾಣಿಸಬಹುದು. ಇನ್ನೊಂದು ತೊಡಕೂ ಇದೆ. ಸೈನಸ್ಸಿನಿಂದ ಮೂಗಿಗೆ ಇರುವ ದಾರಿ ಅದರ ಮೇಲ್ಭಾಗದಲ್ಲಿದೆ. ನೀರು ಹೋಗುವ ತೂಬನ್ನು ನೆಲದ ಬದಲು ಗೋಡೆಯ ಮೇಲುಗಡೆ ಇಟ್ಟ ಬಚ್ಚಲಿನ ಹಾಗೆ. ಒಳಗೆ ಸೇರಿದ ಕೀವು ಸುಲಭವಾಗಿ ಹೊರಗೆ ಬರುವುದಿಲ್ಲ.

ಹಂತ 2: ನೋವನ್ನು ಗಮನಿಸಿ

ಡಾಕ್ಟರ ಹತ್ತಿರ ಹೋಗುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಿ.

ನೋವು ಒಂದೇ ಹಲ್ಲಿನಲ್ಲಿ ಇದೆಯಾ? ಬೆರಳಿಟ್ಟು ತೋರಿಸಲು ಆಗುತ್ತದಾ? ತಣ್ಣೀರು ಅಥವಾ ಬಿಸಿ ಕಾಫಿ ತಾಗಿದರೆ ಜುಂ ಎನ್ನುತ್ತದಾ, ಕಚ್ಚಿದರೆ ಚುಚ್ಚುತ್ತದಾ, ರಾತ್ರಿ ಮಲಗಿದಾಗ ಬಡಿಯುತ್ತದಾ? ಹಾಗಿದ್ದರೆ ಹಲ್ಲಿನದೇ ತೊಂದರೆ ಇರುವ ಸಾಧ್ಯತೆ ಹೆಚ್ಚು.

ಮೂರು ನಾಲ್ಕು ಹಲ್ಲು ಒಟ್ಟಿಗೆ ಮಂದವಾಗಿ ನೋಯುತ್ತಿವೆಯಾ? ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ, ಮೆಟ್ಟಿಲು ಇಳಿಯುವಾಗ ಕೆನ್ನೆಯೊಳಗೆ ಭಾರವಾಗುತ್ತದಾ? ಅದಕ್ಕೂ ಮುಂಚೆ ನೆಗಡಿ ಆಗಿತ್ತಾ? ಆಗ ಸೈನಸ್ ಕಡೆಗೆ ನೋಡಬೇಕು. ವೈರಸ್ಸಿನಿಂದ ಬಂದ ನೆಗಡಿ, ಸೈನಸ್ ಉರಿಯೂತ ಸಾಮಾನ್ಯವಾಗಿ 10 ದಿನದೊಳಗೆ ತಾನಾಗೇ ಇಳಿಯುತ್ತದೆ, ಅದಕ್ಕೆ ಆ್ಯಂಟಿಬಯೋಟಿಕ್ ಬೇಕಾಗಿಲ್ಲ. 10 ದಿನ ದಾಟಿದರೆ, ಅಥವಾ ಒಮ್ಮೆ ಕಡಿಮೆಯಾಗಿ ಮತ್ತೆ ಜೋರಾದರೆ ಡಾಕ್ಟರಿಗೆ ತೋರಿಸಿ.

ಇಷ್ಟರಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ಪ್ರಶ್ನೆ ಬೇರೆ: ತೊಂದರೆ ಒಂದೇ ಕಡೆ ಇದೆಯಾ? ನೆಗಡಿಯ ಸೈನಸ್ ಹೆಚ್ಚಾಗಿ ಎರಡೂ ಕಡೆ ಕಾಡುತ್ತದೆ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ, ಒಂದೇ ಕೆನ್ನೆ ಭಾರವಾಗಿದ್ದರೆ, ಕಾರಣ ಹಲ್ಲಿನಲ್ಲಿ ಇರಬಹುದು. ಆ ಹಲ್ಲು ನೋಯುತ್ತಲೇ ಇರಬೇಕು ಅಂತೇನೂ ಇಲ್ಲ. ನರ ಸತ್ತುಹೋಗಿದ್ದರೆ, ಕೀವು ಮೇಲಕ್ಕೆ ದಾರಿ ಮಾಡಿಕೊಂಡಿದ್ದರೆ ಹಲ್ಲು ಸುಮ್ಮನಿರುತ್ತದೆ. ಎಷ್ಟೋ ಜನ ತಿಂಗಳುಗಟ್ಟಲೆ ಸೈನಸ್ ಮಾತ್ರೆ ನುಂಗುತ್ತಿರುತ್ತಾರೆ, ಮೂಲ ಮಾತ್ರ ಹಿಂದೆಂದೋ ರೂಟ್ ಕೆನಾಲ್ ಮಾಡಿಸಿದ ಹಲ್ಲಿನ ತುದಿಯಲ್ಲಿರುತ್ತದೆ. ಇಎನ್‌ಟಿ ಡಾಕ್ಟರ ಹತ್ತಿರ ಹೋದಾಗ ಹಲ್ಲಿನ ಹಳೆಯ ಕಥೆಯನ್ನೂ ತಪ್ಪದೆ ಹೇಳಿ.

ಇವೆರಡಕ್ಕೂ ಸೇರದ ಒಂದು ನೋವಿದೆ. ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಗಾಳಿ ತಾಗಿದಾಗ ಕರೆಂಟ್ ಹೊಡೆದಂತೆ ಕೆಲವೇ ಸೆಕೆಂಡು ಬಂದು ಹೋಗುವ ನೋವು. ಇದು ಮುಖದ ನರದ ತೊಂದರೆ, ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಇದಕ್ಕೆ ಬೇರೆಯದೇ ಮಾತ್ರೆಗಳಿವೆ, ನರರೋಗ ತಜ್ಞರನ್ನು ನೋಡಬೇಕು. ಗೊತ್ತಾಗದೆ ಒಂದಾದ ಮೇಲೊಂದು ಒಳ್ಳೆಯ ಹಲ್ಲು ಕೀಳಿಸಿಕೊಂಡವರಿದ್ದಾರೆ. ನಿಜಕ್ಕೂ ಬೇಸರದ ಸಂಗತಿ ಇದು.

ಹಂತ 3: ಕನ್ನಡಿ ಮುಂದೆ ನಿಂತು ನೋಡಿ

ಮೊಬೈಲ್ ಟಾರ್ಚ್ ಸಾಕು. ಮೇಲ್ತುಟಿ ಎತ್ತಿ ಒಸಡು ನೋಡಿ. ಮೊಡವೆಯಂಥ ಸಣ್ಣ ಗುಳ್ಳೆ ಇದ್ದು, ಆಗಾಗ ಒಡೆದು ಕೀವು ಬರುತ್ತಿದ್ದರೆ ಒಳಗಿನ ಹಲ್ಲಿನ ಬೇರಿನಲ್ಲಿ ಸೋಂಕಿದೆ. ಬಾಯಿ ಅಗಲವಾಗಿ ತೆರೆದು ಅಂಗುಳ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು, ಉಬ್ಬು, ಕಪ್ಪಾದ ಜಾಗ ಏನಾದರೂ ಇದೆಯಾ? ಎರಡೂ ಕೆನ್ನೆ ಒಂದೇ ಸಮ ಇವೆಯಾ? ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಮೇಲ್ತುಟಿಯಲ್ಲಿ ಬೆರಳಾಡಿಸಿದರೆ ಎರಡೂ ಕಡೆ ಒಂದೇ ರೀತಿ ಗೊತ್ತಾಗುತ್ತದಾ? ಒಂದು ಕಡೆ ಜೋಮು ಹಿಡಿದಂತಿದ್ದರೆ ತಡಮಾಡಬೇಡಿ. ಆ ನರ ಸೈನಸ್ಸಿನ ಮೇಲ್ಗೋಡೆಯಲ್ಲಿ ಹಾದು ಬರುತ್ತದೆ. ಸಾಮಾನ್ಯ ಹಲ್ಲುನೋವಿನಲ್ಲಿ ಅದಕ್ಕೆ ಏನೂ ಆಗುವುದಿಲ್ಲ.

ನೋಡುವಾಗ ಮುಟ್ಟಿ ಹಿಂಡಬೇಡಿ. ನೋವಿನ ಮಾತ್ರೆಯನ್ನು ಪುಡಿ ಮಾಡಿ ಒಸಡಿಗೆ ಒತ್ತಿಕೊಳ್ಳುವವರಿದ್ದಾರೆ, ಅದರಿಂದ ಒಸಡು ಸುಡುತ್ತದೆ. ಕೆನ್ನೆ ಊದಿದಾಗ ಹೊರಗಿನಿಂದ ಬಿಸಿ ಶಾಖ ಕೊಡುವುದೂ ಬೇಡ. ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬಹುದು, ಅಷ್ಟೇ.

ಹಂತ 4: ಕೀಳಿಸುವ ಮುಂಚೆ ಎಕ್ಸ್-ರೇ ಕೇಳಿ

ಮೊದಲು ದಂತವೈದ್ಯರನ್ನು ಕಾಣುವುದು ಒಳ್ಳೆಯದು. ಒಂದು ಹಲ್ಲಿನ ಸಣ್ಣ ಎಕ್ಸ್-ರೇ ಅಲ್ಲೇ ಕ್ಲಿನಿಕ್ಕಿನಲ್ಲಿ ತೆಗೆಯುತ್ತಾರೆ. ಎರಡೂ ದವಡೆ ಪೂರ್ತಿ ಕಾಣಬೇಕಾದರೆ ಒಪಿಜಿ ಎಂಬ ದೊಡ್ಡ ಎಕ್ಸ್-ರೇ. ಬೇರಿಗೂ ಸೈನಸ್ಸಿಗೂ ಎಷ್ಟು ದೂರವಿದೆ ಎಂದು ಸರಿಯಾಗಿ ಗೊತ್ತಾಗಬೇಕಾದರೆ ಸಿಬಿಸಿಟಿ ಎಂಬ ಸ್ಕ್ಯಾನ್ ಬೇಕಾಗಬಹುದು. ಮೇಲಿನ ದವಡೆ ಹಲ್ಲನ್ನು ಎಕ್ಸ್-ರೇ ಇಲ್ಲದೆ ಕೀಳಿಸಿಕೊಳ್ಳುವುದು ಬೇಡ ಎಂಬುದೇ ನನ್ನ ಅಭಿಪ್ರಾಯ. ಖರ್ಚು ಸ್ವಲ್ಪ ಹೆಚ್ಚಾಗಬಹುದು, ಆದರೆ ಮುಂದೆ ಬರುವ ತೊಂದರೆಯ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ.

ಎಕ್ಸ್-ರೇಯಲ್ಲಿ ಕೆಲವೊಮ್ಮೆ ನಿರೀಕ್ಷೆಯೇ ಇಲ್ಲದ್ದು ಕಾಣಿಸುತ್ತದೆ. ಚಿಕ್ಕಂದಿನಲ್ಲಿ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟು ಬಿದ್ದಿರುತ್ತದೆ, ಹಲ್ಲು ನಿಧಾನಕ್ಕೆ ಬಣ್ಣಗೆಟ್ಟಿರುತ್ತದೆ, ನೋವೇನೂ ಇರುವುದಿಲ್ಲ. ಬೇರಿನ ತುದಿಯಲ್ಲಿ ಮಾತ್ರ ನೀರು ತುಂಬಿದ ಚೀಲ, ಅಂದರೆ ಸಿಸ್ಟ್, ವರ್ಷಗಟ್ಟಲೆ ಎಲುಬನ್ನು ಕರಗಿಸುತ್ತಾ ಬೆಳೆದಿರುತ್ತದೆ. ಹುಟ್ಟದೆ ಒಳಗೇ ಉಳಿದ ಕೋರೆಹಲ್ಲಿನ ಸುತ್ತಲೂ ಸಿಸ್ಟ್ ಬೆಳೆಯಬಹುದು. ಚಿಕ್ಕದಿದ್ದಾಗ ತೆಗೆಯುವುದು ಸುಲಭ.

ವೈದ್ಯರು ಕೇಳದಿದ್ದರೂ ನೀವಾಗಿ ಹೇಳಬೇಕಾದ ವಿಷಯಗಳಿವೆ. ಸಕ್ಕರೆ ಕಾಯಿಲೆ ಇದೆಯಾ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೀರಾ, ಮುಖಕ್ಕೆ ರೇಡಿಯೇಶನ್ ಆಗಿದೆಯಾ ಎಂದು ತಿಳಿಸಿ. ಎಲುಬಿನ ಸವೆತಕ್ಕೆಂದು ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆ್ಯಸಿಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ. ಕ್ಯಾನ್ಸರ್ ಎಲುಬಿಗೆ ಹಬ್ಬಿದವರಿಗೆ ಇದನ್ನೇ ಇನ್ನೂ ಹೆಚ್ಚು ಸಲ ಕೊಡುತ್ತಾರೆ. ಈ ಔಷಧಿ ಪಡೆದ ಕೆಲವರಲ್ಲಿ ಹಲ್ಲು ಕಿತ್ತ ಜಾಗ ಮಾಯುವುದಿಲ್ಲ, ಎಲುಬು ಸತ್ತು ಹೊರಗೆ ಕಾಣಿಸುತ್ತದೆ. ಕೆಳದವಡೆಯಲ್ಲಿ ಇದು ಹೆಚ್ಚು, ಆದರೆ ಮೇಲ್ದವಡೆಯೂ ಇದರಿಂದ ಹೊರತಲ್ಲ. ಇಂಜೆಕ್ಷನ್ ಶುರುವಾಗುವ ಮೊದಲೇ ಹಲ್ಲಿನ ಕೆಲಸ ಮುಗಿಸಿಕೊಂಡರೆ ಎಷ್ಟೋ ವಾಸಿ.

ಹಂತ 5: ಕಿತ್ತ ಮೇಲೆ ನೀರು ಮೂಗಿಗೆ ಬಂದರೆ

ಮೇಲಿನ ದವಡೆ ಹಲ್ಲು ಕಿತ್ತ ಮೇಲೆ ನೀರು ಕುಡಿದಾಗ ಮೂಗಿನಿಂದ ಬರುತ್ತಿದ್ದರೆ, ಅಥವಾ ಆ ಗಾಯದಲ್ಲಿ ಗಾಳಿ ಆಡಿದಂತೆ ಅನಿಸಿದರೆ ಬಾಯಿಗೂ ಸೈನಸ್ಸಿಗೂ ತೂತು ಬಿದ್ದಿದೆ ಎಂದರ್ಥ. ಗಾಬರಿ ಬೇಡ. ಬೇರು ಸೈನಸ್ಸಿನೊಳಗೇ ಇದ್ದರೆ ಎಷ್ಟು ಜೋಪಾನವಾಗಿ ಕಿತ್ತರೂ ಹೀಗಾಗಬಹುದು. ಅದೇ ದಿನ ಕಿತ್ತವರಿಗೆ ಫೋನ್ ಮಾಡಿ. 2 ಮಿಲಿಮೀಟರ್‌ಗಿಂತ ಚಿಕ್ಕ ತೂತು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಒಸಡನ್ನು ಎಳೆದು ಹೊಲಿಗೆ ಹಾಕುತ್ತಾರೆ.

ಮುಂದಿನ ಎರಡು ವಾರ ಮೂಗು ಜೋರಾಗಿ ಸೀಟಬೇಡಿ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಿ. ಸ್ಟ್ರಾ ಹಾಕಿ ಎಳನೀರು ಹೀರುವುದು, ಬೀಡಿ ಸಿಗರೇಟು ಸೇದುವುದು, ಬಲೂನು ಊದುವುದು ಯಾವುದೂ ಬೇಡ. ಈ ಒತ್ತಡಕ್ಕೆ ಕಟ್ಟಿಕೊಂಡ ಹೆಪ್ಪು ಕಿತ್ತುಬರುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಆ ತೂತು ಶಾಶ್ವತವಾಗಿ ಉಳಿಯುತ್ತದೆ, ಸೈನಸ್ಸಿನಲ್ಲಿ ಕೀವು ನಿಲ್ಲುತ್ತದೆ.

ಹಂತ 6: ಅದೇ ದಿನ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು

ಮೇಲಿನ ಕೋರೆಹಲ್ಲಿನ ಸೋಂಕು ಮೂಗಿನ ಪಕ್ಕದಿಂದ ಕೆಳಗಣ್ಣಿನವರೆಗೆ ಊತ ತರಬಹುದು. ಮುಖದ ಈ ಭಾಗದ ರಕ್ತನಾಳಗಳಿಗೆ ಕಣ್ಣಿನ ಹಿಂದಿರುವ ನಾಳಗಳೊಂದಿಗೆ, ಅಲ್ಲಿಂದ ತಲೆಬುರುಡೆಯೊಳಗಿನ ಕ್ಯಾವರ್ನಸ್ ಸೈನಸ್ ಎಂಬ ರಕ್ತದ ಕೋಶದೊಂದಿಗೆ ಸಂಪರ್ಕವಿದೆ. ಸೋಂಕು ಅಲ್ಲಿಗೆ ಹೋಗಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಅಪರೂಪ ನಿಜ, ಆದರೆ ಕಾಯುವಂಥದ್ದಲ್ಲ. ಜ್ವರದ ಜೊತೆ ಕಣ್ಣು ಊದಿಕೊಂಡರೆ, ಕಣ್ಣುಗುಡ್ಡೆ ಮುಂದೆ ಬಂದರೆ, ಒಂದು ಎರಡಾಗಿ ಕಂಡರೆ, ಜೋರು ತಲೆನೋವು ಅಥವಾ ಮಂಪರು ಬಂದರೆ ಕ್ಲಿನಿಕ್ಕಿನ ಸಮಯ ನೋಡಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು ಹೇಳಲೇಬೇಕು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ನೆನಪಿದೆ ಅಲ್ವಾ? ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸುವಂತೆ ರಾಜ್ಯಗಳಿಗೆ ಹೇಳಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್‌ನಂಥ ಕಡೆ ಇದಕ್ಕೆಂದೇ ವಾರ್ಡುಗಳು ತುಂಬಿದ್ದವು. ಶಿಲೀಂಧ್ರ ಕೊಲ್ಲುವ ಆಂಫೊಟೆರಿಸಿನ್ ಇಂಜೆಕ್ಷನ್ ಸಿಗದೆ ಮನೆಯವರು ಅಲೆದಾಡಿದ್ದರು. ಎಷ್ಟೋ ಜನ ಮೇಲ್ದವಡೆಯ ಒಂದು ಭಾಗವನ್ನೇ ಕಳೆದುಕೊಂಡರು, ಕೆಲವರು ಕಣ್ಣನ್ನೂ.

ಈ ಕಾಯಿಲೆ ಕೋವಿಡ್ಡಿನ ಜೊತೆ ಹುಟ್ಟಿದ್ದಲ್ಲ, ಅದರ ಜೊತೆ ಹೋಗಿಯೂ ಇಲ್ಲ. ಇದರ ಕಣಗಳು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಗಾಳಿಯಲ್ಲಿ ಸದಾ ಇರುತ್ತವೆ. ಆರೋಗ್ಯವಂತರಿಗೆ ಏನೂ ಮಾಡುವುದಿಲ್ಲ. ಸಕ್ಕರೆ ಮಿತಿ ಮೀರಿದಾಗ, ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡಾಗ ಮೂಗಿನಲ್ಲಿ ಬೇರೂರಿ, ರಕ್ತನಾಳದೊಳಗೆ ನುಗ್ಗಿ ಅದನ್ನು ಕಟ್ಟಿಹಾಕುತ್ತದೆ. ರಕ್ತವಿಲ್ಲದೆ ಎಲುಬು, ಮಾಂಸ ಸಾಯುತ್ತವೆ. ಕಪ್ಪು ಬಣ್ಣ ಬರುವುದು ಹೀಗೆ ಸತ್ತ ಮೇಲೆ. ಹಾಗಾಗಿ ಕಪ್ಪಾಗಲಿ ನೋಡೋಣ ಎಂದು ಕಾಯಬಾರದು. ಅದಕ್ಕಿಂತ ಮುಂಚಿನ ಸೂಚನೆಗಳು ಇವು: ಒಂದು ಕಡೆಯ ಮುಖ ನೋವು ಅಥವಾ ಜೋಮು, ಮೂಗು ಕಟ್ಟಿ ರಕ್ತ ಬೆರೆತ ಸಿಂಬಳ, ಹುಳುಕಿಲ್ಲದ ಮೇಲಿನ ಹಲ್ಲುಗಳು ಒಮ್ಮೆಗೇ ಅಲುಗಾಡುವುದು, ಒಸಡಿನಲ್ಲಿ ಅಲ್ಲಲ್ಲಿ ಕೀವಿನ ಚುಕ್ಕಿ. ಇವು ಕಂಡರೆ ಸಕ್ಕರೆ ಪರೀಕ್ಷಿಸಿಕೊಂಡು ಅದೇ ದಿನ ಇಎನ್‌ಟಿ ಇರುವ ಆಸ್ಪತ್ರೆಗೆ ಹೋಗಿ. ಮೂಗಿನೊಳಗೆ ದುರ್ಬೀನು ಹಾಕಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚಿಕಿತ್ಸೆ ಎಂದರೆ ಶಿಲೀಂಧ್ರದ ಔಷಧಿ, ಸತ್ತ ಭಾಗ ತೆಗೆಯುವ ಆಪರೇಶನ್, ಸಕ್ಕರೆಯ ಹತೋಟಿ. ಮೂರೂ ಒಟ್ಟಿಗೆ ನಡೆಯಬೇಕು.

ಹಂತ 7: ನೋವಿಲ್ಲದ್ದನ್ನೂ ಕಡೆಗಣಿಸಬೇಡಿ

ಸೈನಸ್ಸಿನಲ್ಲಿ ಬೆಳೆಯುವ ಕ್ಯಾನ್ಸರ್ ಅಪರೂಪ. ಆದರೆ ಪೊಳ್ಳು ಜಾಗ ಇರುವುದರಿಂದ ಅದು ತುಂಬುವವರೆಗೆ ಹೊರಗೆ ಗೊತ್ತಾಗುವುದಿಲ್ಲ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿರುವುದು, ಅದರಿಂದ ರಕ್ತ ಬರುವುದು, ಚೆನ್ನಾಗಿ ಕೂರುತ್ತಿದ್ದ ಹಲ್ಲಿನ ಸೆಟ್ಟು ಇದ್ದಕ್ಕಿದ್ದಂತೆ ಕೂರದೇ ಹೋಗುವುದು, ಅಲುಗಾಡುತ್ತಿದೆ ಎಂದು ಕಿತ್ತ ಹಲ್ಲಿನ ಗಾಯ ಮಾಯದೆ ಅಲ್ಲಿಂದ ಮಾಂಸ ಬೆಳೆಯುವುದು, ಇವೆಲ್ಲ ಬಯಾಪ್ಸಿ, ಅಂದರೆ ಚೂರು ಮಾಂಸ ತೆಗೆದು ಪರೀಕ್ಷೆ, ಮಾಡಿಸಬೇಕಾದ ಲಕ್ಷಣಗಳು.

ಅಂಗುಳದ ಕ್ಯಾನ್ಸರ್ ಎಂದರೆ ಆಂಧ್ರದ ಶ್ರೀಕಾಕುಳಂ, ವಿಶಾಖಪಟ್ಟಣದ ಕರಾವಳಿ ಹಳ್ಳಿಗಳ ಹೆಂಗಸರ ನೆನಪಾಗುತ್ತದೆ. ಅಲ್ಲಿ ಚುಟ್ಟಾದ, ಅಂದರೆ ಹೊಗೆಸೊಪ್ಪಿನ ಸುರುಳಿಯ, ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ರೂಢಿಯಿತ್ತು. ಬೆಂಕಿಯ ಕಾವು, ಹೊಗೆ ನೇರವಾಗಿ ಅಂಗುಳಕ್ಕೆ ತಾಗಿ ಕ್ಯಾನ್ಸರ್ ಬರುತ್ತಿತ್ತು. ನಮ್ಮ ಕಡೆ ಆ ರೂಢಿ ಇಲ್ಲದಿದ್ದರೂ ಬೀಡಿ, ಗುಟ್ಕಾ, ಹೊಗೆಸೊಪ್ಪು ಇವೆ. ಬಾಯಿಯಲ್ಲಿ ಎರಡು ವಾರಕ್ಕಿಂತ ಜಾಸ್ತಿ ಉಳಿದ ಯಾವ ಹುಣ್ಣನ್ನೂ ತೋರಿಸಿಕೊಳ್ಳದೆ ಬಿಡಬೇಡಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಜಿಲ್ಲಾ ಆಸ್ಪತ್ರೆಗಳ ದಂತ ವಿಭಾಗ ಇರುವುದು ಇದಕ್ಕೇ.

ಹಂತ 8: ದವಡೆ ತೆಗೆದ ಮೇಲೆ

ಮೇಲ್ದವಡೆಯ ಭಾಗ ತೆಗೆಯಲೇಬೇಕಾಗಿ ಬಂದರೆ, ಆಪರೇಶನ್ನಿಗೆ ಮೊದಲೇ ಕೃತಕ ಹಲ್ಲು ಕೂರಿಸುವ ತಜ್ಞರನ್ನು ಭೇಟಿ ಮಾಡಿಸಿ ಎಂದು ಕೇಳಿ. ಬಾಯಿಯ ಅಚ್ಚನ್ನು ಆಗಲೇ ತೆಗೆದುಕೊಂಡರೆ ಅಂಗುಳದ ತೂತು ಮುಚ್ಚುವ ತಟ್ಟೆ, ಅಂದರೆ ಆಬ್ಚುರೇಟರ್, ಆಪರೇಶನ್ ಟೇಬಲ್ಲಿನಲ್ಲೇ ಕೂರಿಸಲು ಆಗುತ್ತದೆ. ಅದಿಲ್ಲದಿದ್ದರೆ ತಿಂದದ್ದು ಕುಡಿದದ್ದು ಮೂಗಿಗೆ ಬರುತ್ತದೆ, ಮಾತು ಮೂಗಿನಲ್ಲೇ ಹೊರಡುತ್ತದೆ, ಮನೆಯವರಿಗೂ ಅರ್ಥವಾಗುವುದಿಲ್ಲ. ಎಷ್ಟೋ ಜನ ಇದೇ ಸಂಕೋಚಕ್ಕೆ ನೆಂಟರಿಷ್ಟರ ಮನೆಯ ಊಟ ಬಿಟ್ಟುಬಿಡುತ್ತಾರೆ.

ಗಾಯ ಮಾಯುತ್ತಾ ಬಂದಂತೆ ತಟ್ಟೆಯನ್ನು ಬದಲಿಸುತ್ತಾರೆ. ಪ್ರತಿ ಊಟದ ನಂತರ ತೆಗೆದು ತೊಳೆಯಬೇಕು. ಬಾಯಿ ತೆರೆಯುವ ವ್ಯಾಯಾಮವನ್ನು ಡಾಕ್ಟರು ಹೇಳಿದ ದಿನದಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಬಾಯಿ ಬಿಗಿಯುತ್ತದೆ, ತಟ್ಟೆ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಕಚ್ಚಿಕೊಳ್ಳಲು ಹಲ್ಲೇ ಉಳಿಯದವರಿಗೆ ಕೆನ್ನೆಯ ಮೂಳೆಗೆ ಉದ್ದನೆಯ ಇಂಪ್ಲಾಂಟ್, ಅಂದರೆ ಲೋಹದ ತಿರುಪು, ಹಾಕಿ ಅದರ ಮೇಲೆ ಹಲ್ಲು ಕೂರಿಸುವ ವಿಧಾನವೂ ಇದೆ. ಕಪ್ಪು ಶಿಲೀಂಧ್ರದಿಂದ ಮೇಲ್ದವಡೆ ಕಳೆದುಕೊಂಡ ಕೆಲವರು ಈ ವಿಧಾನದಿಂದ ಮತ್ತೆ ಅಗಿದು ತಿನ್ನುವಂತಾಗಿದ್ದಾರೆ. ಕಾಯಿಲೆ ಪೂರ್ತಿ ಹೋಗಿದೆ, ಸಕ್ಕರೆ ಹತೋಟಿಯಲ್ಲಿದೆ ಎಂದು ಖಚಿತವಾದ ಮೇಲೆಯೇ ಇದಕ್ಕೆ ಕೈ ಹಾಕುತ್ತಾರೆ.