ಸ್ಟಾಫ್ ಮೀಟಿಂಗೇ ನನ್ನ ಸಂಶೋಧನೆಯ ವಿಷಯ

ಕ್ರಿಯಾ ಸಂಶೋಧನೆ, ಅಂದರೆ ನಮ್ಮ ಕೆಲಸವನ್ನು ನಾವೇ ಬದಲಿಸಿ ನೋಡಿ ಕಲಿಯುವುದು, ಬಿ.ಎಡ್. ಕಾಲದಲ್ಲಿ ರೆಕಾರ್ಡ್ ಬರೆದು ಒಪ್ಪಿಸುವ ಕೆಲಸ ಎಂದೇ ನಮ್ಮಲ್ಲಿ ಹಲವರ ಲೆಕ್ಕ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಾನು ಅದಕ್ಕೆ ಕೈಹಾಕಿದ್ದು ನನ್ನದೇ ಕೆಲಸವನ್ನು ಪರೀಕ್ಷಿಸಲು. ಮಕ್ಕಳು ಓದಿನಲ್ಲಿ ಏಕೆ ಹಿಂದಿದ್ದಾರೆ ಎಂಬುದು ಕ್ಲಾಸ್ ಟೀಚರ್ ಕೇಳಿಕೊಳ್ಳುವ ಪ್ರಶ್ನೆ. ಟೀಚರುಗಳೆಲ್ಲ ಕೂತು ಆ ಬಗ್ಗೆ ಮಾತಾಡುವಂತಾಗಲು ನಾನೇನು ಬದಲಿಸಬೇಕು ಎಂಬುದು ಎಚ್.ಎಂ. ಪ್ರಶ್ನೆ.

ನಮ್ಮ ಎಸ್.ಆರ್.ಜಿ. (ಸ್ಕೂಲ್ ರಿಸೋರ್ಸ್ ಗ್ರೂಪ್) ಸಭೆ, ಅಂದರೆ ಟೀಚರುಗಳ ಸಭೆ, ಸುತ್ತೋಲೆ, ಮಧ್ಯಾಹ್ನದ ಊಟದ ಲೆಕ್ಕ, ಶಾಲಾ ಮಾಹಿತಿಯ ಆನ್‌ಲೈನ್ ವ್ಯವಸ್ಥೆ 'ಸಂಪೂರ್ಣ'ದಲ್ಲಿ ತುಂಬಬೇಕಾದ ಮಾಹಿತಿ ಇಷ್ಟರಲ್ಲೇ ಮುಗಿಯುತ್ತಿತ್ತು. ಸುತ್ತೋಲೆಗಳನ್ನೆಲ್ಲ ಒಂದು ಪುಸ್ತಕಕ್ಕೆ ಅಂಟಿಸಿ, ಓದಿ ಸಹಿ ಹಾಕಿದರೆ ಸಾಕು ಎಂದೆ. ಸಭೆಗೆ ಪ್ರತಿ ಸಲ ಒಬ್ಬ ಟೀಚರ್, ಮನೆಯವರ ಒಪ್ಪಿಗೆ ಪಡೆದು, ಒಂದು ಮಗು ಓದಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರಬೇಕು.

ಹಾಗೆ ಬಂದ ಒಂದು ರೆಕಾರ್ಡಿಂಗ್ ಇವತ್ತಿಗೂ ಕಿವಿಯಲ್ಲಿದೆ. ಮಳೆಯ ಪಾಠವನ್ನು ಹುಡುಗಿ ತಡವರಿಸದೆ ಓದುತ್ತಾಳೆ. ಏನಾಯ್ತು ಹೇಳು ಅಂದರೆ ಮೌನ. ಟೀಚರ್ 'ತುಳುಟ್ ಪಣ್ಲ' (ತುಳುವಿನಲ್ಲಿ ಹೇಳು) ಎಂದದ್ದೇ ತಡ, 'ಬರ್ಸ ಬತ್ತ್ಂಡ್' (ಮಳೆ ಬಂತು) ಎಂದು ಶುರುಮಾಡಿ ಕಥೆ ಪೂರ್ತಿ ಹೇಳಿ ಮುಗಿಸುತ್ತಾಳೆ! ಓದಿದ್ದು ಅರ್ಥವಾಗುವುದಿಲ್ಲ ಎಂಬ ಪಟ್ಟಿಯಲ್ಲಿದ್ದ ಮಗು ಅದು. ಆ ದಿನ ಮಾತು ಬೆಲ್ ಹೊಡೆದ ಮೇಲೂ ನಿಲ್ಲಲಿಲ್ಲ. ಮಗುವಿಗೆ ತಿಳಿದದ್ದೆಷ್ಟು, ಅದನ್ನು ಕನ್ನಡದಲ್ಲಿ ಹೇಳಲು ಬರುವುದೆಷ್ಟು ಎಂದು ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳೋಣ ಎಂದು ಟೀಚರುಗಳೇ ತೀರ್ಮಾನಿಸಿದರು.

ಪಕ್ಕದ ಶಾಲೆಯ ಎಚ್.ಎಂ. ಒಬ್ಬರನ್ನು ಕರೆದು ಮೂಲೆಯಲ್ಲಿ ಕೂರಿಸಿದೆ. ಯಾರು ಯಾರನ್ನು ನೋಡಿ ಮಾತಾಡಿದರೆಂದು ಅವರು ಕಾಗದದ ಮೇಲೆ ಗೆರೆ ಎಳೆದುಕೊಟ್ಟರು. ಹೆಚ್ಚಿನ ಗೆರೆಗಳು ನನ್ನ ಕುರ್ಚಿಗೇ ಬಂದು ಸೇರಿದ್ದವು. ಮುಂದಿನ ಸುತ್ತಿನಲ್ಲಿ ರೆಕಾರ್ಡಿಂಗ್ ತಂದವರೇ ಸಭೆ ನಡೆಸಿದರು, ನಾನು ಮಿನಿಟ್ಸ್ ಬರೆದೆ. ಹೊಸದಾಗಿ ಸೇರಿದ ಟೀಚರ್ ಹಿರಿಯರನ್ನು ನೇರವಾಗಿ ಪ್ರಶ್ನಿಸಿದ್ದು ಆಗಲೇ.

ಒಂದು ಸುತ್ತಿನಲ್ಲಿ ಕಂಡದ್ದರಿಂದಲೇ ಮುಂದಿನ ಸುತ್ತಿನ ಯೋಜನೆ. ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ವಿವರಿಸಿದ್ದು ಈ ಸುರುಳಿಯನ್ನೇ. ಶಾಲೆಗಳಿಗೆ ಅದು ಹೇಗೆ ಒದಗುತ್ತದೆಂದು ಅಮೆರಿಕದ ಶಿಕ್ಷಣತಜ್ಞ ಸ್ಟೀಫನ್ ಕೋರಿ 1953ರಲ್ಲಿ ಪುಸ್ತಕ ಬರೆದರು. ತರಬೇತಿಗಳಿಗೆ ನಾನೂ ಹೋಗಿದ್ದೇನೆ, ಆದರೆ ನನ್ನ ಶಾಲೆಯ ಸಭೆಯ ಬಗ್ಗೆ ಅಲ್ಲಿ ಯಾರು ಹೇಳಿಕೊಡಲು ಸಾಧ್ಯ?

ದಾಖಲೆಗೆ ಮಿನಿಟ್ಸ್, ರೆಕಾರ್ಡಿಂಗ್, ನನ್ನ ಡೈರಿ ಸಾಕಾದವು. ಈಗ ಅದೇ ರೆಕಾರ್ಡಿಂಗುಗಳನ್ನು ಕ್ಲಾಸ್ ಪಿ.ಟಿ.ಎ.ಯಲ್ಲಿ (ತರಗತಿಯ ಪೋಷಕ-ಶಿಕ್ಷಕರ ಸಭೆ) ಆಯಾ ಮಗುವಿನ ತಾಯಿಗೆ ಕೇಳಿಸುತ್ತಿದ್ದೇವೆ. ಮನೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಮಲಯಾಳದಲ್ಲೋ ಮಗು ಕಥೆ ಹೇಗೆ ಹೇಳುತ್ತದೆಂದು ಅವರೇ ತಿಳಿಸಬೇಕು.